ಅಡಿಕೆ ಸಿಪ್ಪೆಗೂ ಅನುದಾನ ಉಂಟು: ಕಾಲೇಜು, ಕಾರ್ಖಾನೆ ಸೇರಿ ಮಾಡುವ ಸಂಶೋಧನೆಗೆ ದುಡ್ಡು ಹೊಂದಿಸುವ ದಾರಿ

ಅಡಿಕೆ ಸುಗ್ಗಿಯಲ್ಲಿ ಚನ್ನಗಿರಿ ಕಡೆ ಓಡಾಡಿದವರಿಗೆ ಗೊತ್ತು, ರಸ್ತೆ ಪಕ್ಕ ಉದ್ದಕ್ಕೂ ಸಿಪ್ಪೆ ರಾಶಿ. ಕೆಲವಕ್ಕೆ ಬೆಂಕಿ ಹಚ್ಚಿರುತ್ತಾರೆ, ಆ ಹೊಗೆಯಲ್ಲಿ ಎದುರಿಗೆ ಬರುವ ಬೈಕ್ ಕೂಡ ಕಾಣುವುದಿಲ್ಲ. ದಾವಣಗೆರೆಗೆ ಬಂದರೆ ಅಕ್ಕಿ ಗಿರಣಿಗಳ ಹಿಂದೆ ಹೊಟ್ಟಿನ ಬೂದಿ. ಚಳ್ಳಕೆರೆಗೆ ಹೋದರೆ ಎಣ್ಣೆ ಮಿಲ್ಲುಗಳ ಅಂಗಳದಲ್ಲಿ ಶೇಂಗಾ ಸಿಪ್ಪೆ. ಇದೇ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕಾಲೇಜುಗಳಲ್ಲಿ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಕೆಮಿಕಲ್ ಎಂಜಿನಿಯರಿಂಗ್ ಕಲಿಸುವ ಮೇಷ್ಟ್ರುಗಳಿದ್ದಾರೆ. ಅವರ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಸಿಗದೆ ಒದ್ದಾಡುತ್ತಿರುತ್ತಾರೆ. ಮಿಲ್ಲಿಗೂ ಕಾಲೇಜಿಗೂ ನಡುವೆ ನಾಲ್ಕೈದು ಕಿಲೋಮೀಟರ್ ಇರಬಹುದು, ಮಾತುಕತೆ ಮಾತ್ರ ಇಲ್ಲ.

ಗಿಡ, ಬೆಳೆ, ಸಗಣಿ, ಸೂಕ್ಷ್ಮಜೀವಿಗಳಿಂದ ಇಂಧನ, ಗೊಬ್ಬರ, ಮೇವು, ರಾಸಾಯನಿಕ, ಪ್ಯಾಕಿಂಗ್ ವಸ್ತು ಮಾಡಿ ಮಾರುವ ವ್ಯವಹಾರಕ್ಕೆಲ್ಲ ಸೇರಿ ಈಗ ಜೈವಿಕ ಆರ್ಥಿಕತೆ ಎನ್ನುತ್ತಾರೆ. 2024ರಲ್ಲಿ ಭಾರತದಲ್ಲಿ ಇದರ ಗಾತ್ರ ಸುಮಾರು 165.7 ಶತಕೋಟಿ ಡಾಲರ್, 2030ಕ್ಕೆ 300 ಶತಕೋಟಿ ಗುರಿ ಎಂದು ಸರ್ಕಾರದ ಲೆಕ್ಕ. ಈ ಅಂಕಿಯನ್ನು ನಿಮ್ಮ ಅರ್ಜಿಯ ಮೊದಲ ಪ್ಯಾರಾದಲ್ಲಿ ಮಾತ್ರ ಬರೆಯಬೇಡಿ. ಎಲ್ಲರೂ ಅದನ್ನೇ ಬರೆದಿರುತ್ತಾರೆ.

ಈ ಕೆಲಸಕ್ಕೆ ದುಡ್ಡು ಕೊಡುವವರು ಇದ್ದಾರೆ. ಅವರು ಮೊದಲು ನೋಡುವುದು ಮೇಷ್ಟ್ರು ಮತ್ತು ಮಿಲ್ಲಿನವರ ಜೋಡಿ ಎಷ್ಟು ಗಟ್ಟಿ ಎಂಬುದನ್ನು. ಹಾಗಾಗಿ ಅರ್ಜಿ ಫಾರಂ ತೆಗೆಯುವುದು ಈ ಲೇಖನದಲ್ಲಿ ತುಂಬಾ ಆಮೇಲೆ ಬರುತ್ತದೆ.

ಮೊದಲು ಮಾಲಿನ ಲೆಕ್ಕ

"ನಮ್ಮ ಕಡೆ ಬೇಕಾದಷ್ಟು ಐತ್ರಿ" ಅನ್ನುವ ಬಾಯಿಲೆಕ್ಕ ಸಾಲದು. ಒಂದು ನೋಟ್‌ಬುಕ್ ಹಿಡಿದು ಮಿಲ್ಲಿಗೆ ಹೋಗಿ. ಯಾವ ತಿಂಗಳಲ್ಲಿ ಎಷ್ಟು ಟನ್ ಬರುತ್ತದೆ, ಎಲ್ಲಿ ಬೀಳುತ್ತದೆ, ಈಗ ಯಾರು ಒಯ್ಯುತ್ತಾರೆ, ಎಷ್ಟಕ್ಕೆ ಒಯ್ಯುತ್ತಾರೆ, ಎಲ್ಲ ಬರೆದುಕೊಳ್ಳಿ.

ಅಕ್ಕಿ ಗಿರಣಿಯನ್ನೇ ತಗೊಳ್ಳಿ. 100 ಟನ್ ಭತ್ತ ಅರೆದರೆ ಸುಮಾರು 20 ಟನ್ ಹೊಟ್ಟು. ಅದನ್ನು ಉರಿಸಿದರೆ ಹತ್ತಿರ ಹತ್ತಿರ 4 ಟನ್ ಬೂದಿ. ಚೆನ್ನಾಗಿ ಉರಿದ ಬೂದಿಯಲ್ಲಿ ಶೇ 85ರಿಂದ 90ರಷ್ಟು ಸಿಲಿಕಾ ಇರುತ್ತದೆ. ಆದರೆ ಎಲ್ಲ ಬೂದಿಯೂ ಒಂದೇ ಅಲ್ಲ. ಸುಮಾರು 700 ಡಿಗ್ರಿಗಿಂತ ಕೆಳಗೆ ಉರಿದದ್ದರಲ್ಲಿ ಸಿಲಿಕಾ ಹರಳುಗಟ್ಟಿರುವುದಿಲ್ಲ. ಸಿಮೆಂಟಿಗೆ, ರಬ್ಬರಿಗೆ ಅಂಥದ್ದಕ್ಕೇ ಬೆಲೆ. ಬಿಸಿ ಜಾಸ್ತಿಯಾದರೆ ಹರಳುಗಟ್ಟಿ ಆ ಗುಣ ಹೋಗುತ್ತದೆ. ಬೂದಿ ಕಪ್ಪಗಿದ್ದರೆ ಇದ್ದಿಲು ಉಳಿದಿದೆ ಅಂತ ಅರ್ಥ. ಮಂಡಕ್ಕಿ ಭಟ್ಟಿಯ ಬೂದಿ, ಗಿರಣಿ ಬಾಯ್ಲರ್‌ನ ಬೂದಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಲ್ಯಾಬಿಗೆ ತಂದರೆ ನಿಮ್ಮ ಒಂದು ವರ್ಷದ ಫಲಿತಾಂಶ ಕಲಸುಮೇಲೋಗರ.

ಅಡಿಕೆ ಸಿಪ್ಪೆಯ ಕತೆ ಬೇರೆ. ಹಸಿ ಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಪ್ಪೆಯೇ. ಆದರೆ ಅದರಲ್ಲಿ ನೀರು ಎಷ್ಟು, ನಾರು ಎಷ್ಟು? ರಾಶಿಯ ಮೇಲ್ಭಾಗ ಒಣಗಿ ಹಗುರವಾಗಿರುತ್ತದೆ. ನಡುವೆ ಕೈ ಹಾಕಿದರೆ ಬಿಸಿ ತಾಗುತ್ತದೆ, ಅಲ್ಲಿ ಕೊಳೆಯುವುದು ಶುರುವಾಗಿದೆ. ತಳದಲ್ಲಿ ಕಪ್ಪು ನೀರು, ನಾರು ಎಳೆದರೆ ಕಿತ್ತು ಬರುತ್ತದೆ. ಮೂರೂ ಕಡೆಯಿಂದ ಬೇರೆ ಬೇರೆ ಚೀಲಕ್ಕೆ ಮಾದರಿ ತೆಗೆಯಿರಿ. ಚೀಲದ ಮೇಲೆ ತಾರೀಖು, ಊರು, ಸುಲಿದು ಎಷ್ಟು ದಿನವಾಯಿತು ಎಂದು ಬರೆಯಿರಿ. ಲ್ಯಾಬಿನಲ್ಲಿ 105 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿದರೆ ತೇವಾಂಶ ಗೊತ್ತಾಗುತ್ತದೆ. ಇಷ್ಟು ಸಣ್ಣ ಕೋಷ್ಟಕ ಅರ್ಜಿಯಲ್ಲಿದ್ದರೆ ಪರಿಶೀಲಕರು ನಿಮ್ಮನ್ನು ನೋಡುವ ರೀತಿಯೇ ಬೇರೆ. ಇವರು ರಾಶಿಯ ಹತ್ತಿರ ಹೋಗಿದ್ದಾರೆ ಅಂತ ಅವರಿಗೆ ತಿಳಿಯುತ್ತದೆ.

ಇನ್ನೊಂದು ಮಾತು. ಯಾರೂ ಕೇಳದಿದ್ದಾಗ ಅದು ಕಸ. ನೀವು ಕೇಳಿದ ಮರುದಿನವೇ ಅದಕ್ಕೆ ಬೆಲೆ ಬರುತ್ತದೆ. ಭತ್ತದ ಹೊಟ್ಟು ಒಂದು ಕಾಲಕ್ಕೆ ಬಿಟ್ಟಿ ಸಿಗುತ್ತಿತ್ತು, ಈಗ ಬಾಯ್ಲರ್‌ನವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಆದ್ದರಿಂದ ಕಚ್ಚಾ ಮಾಲು ಬಿಟ್ಟಿ ಎಂದು ಲೆಕ್ಕ ಹಾಕಿದ ಯೋಜನೆ ಕಾಗದದಲ್ಲೇ ಲಾಭ ಮಾಡುತ್ತದೆ. ಮೆಕ್ಕೆಜೋಳದ ಕಾಳಿನ ಮೇಲೆ ಸಂಶೋಧನೆ ಮಾಡುವ ಆಸೆ ಇದ್ದರೆ ಎರಡು ಸಲ ಯೋಚಿಸಿ. ಕೋಳಿ ಮೇವಿನವರು, ಸ್ಟಾರ್ಚ್ ಕಾರ್ಖಾನೆಯವರು ಮೊದಲೇ ಕ್ಯೂನಲ್ಲಿದ್ದಾರೆ. 2023-24ರಲ್ಲಿ ಮೆಕ್ಕೆಜೋಳದ ಎಥನಾಲ್‌ಗೆ ಲೀಟರಿಗೆ 71.86 ರೂಪಾಯಿ ಬೆಲೆ ಸಿಕ್ಕ ಮೇಲಂತೂ ಎಥನಾಲ್‌ನವರೂ ಸೇರಿಕೊಂಡರು. ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡಿನ ಮೇಲೆ ಕೆಲಸ ಮಾಡಿದರೆ ಪೈಪೋಟಿ ಕಡಿಮೆ.

ಸುಸ್ಥಿರ ಅನ್ನುವ ಪದ ಅರ್ಜಿಯಲ್ಲಿ ಹಾಕಿದರೆ ಸಾಲದು, ಹೊಲಕ್ಕೆ ಏನು ಉಳಿಯುತ್ತದೆ ಎಂಬುದಕ್ಕೂ ಉತ್ತರ ಬೇಕು. ಹುಲ್ಲು ಪೂರ್ತಿ ಎತ್ತಿದರೆ ದನಕ್ಕೆ ಏನು ಹಾಕುವುದು? ತೋಟಕ್ಕೆ ಮುಚ್ಚಿಗೆಯಾಗಿ ಬೀಳುತ್ತಿದ್ದ ಸಿಪ್ಪೆಯನ್ನು ನೀವು ಒಯ್ದರೆ ಅಲ್ಲಿಗೆ ಬೇರೆ ಏನು? ಸಿಪ್ಪೆ ಹಗುರ, ಲಾರಿ ಬೇಗ ತುಂಬುತ್ತದೆ, ತೂಕ ಆಗುವುದಿಲ್ಲ. ದೂರದಿಂದ ತರಿಸಿದರೆ ಡೀಸೆಲ್ಲೇ ಲಾಭ ತಿನ್ನುತ್ತದೆ. ಇದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳಿ.

ಜೋಡಿ ಕಟ್ಟುವುದು

ಕಾಲೇಜಿನವರಾದರೆ ಬ್ರೋಷರ್ ಹಿಡಿದು ಮಿಲ್ಲಿಗೆ ಹೋಗಬೇಡಿ, ಅವರದೇ ಸಿಪ್ಪೆಯ ಪರೀಕ್ಷೆ ವರದಿ ಹಿಡಿದು ಹೋಗಿ. ಸುಗ್ಗಿ ನಡೆಯುವಾಗಲೂ ಹೋಗಬೇಡಿ, ಆಗ ಸಾಹುಕಾರರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಅವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: "ಎಲ್ಲಾ ಸರಿ ಐತಿ ಸರ್, ಇದ್ರಾಗ ನಮಗೇನ್ ಬರ್ತತಿ? ಎಷ್ಟು ದಿನಕ್ಕೆ ಬರ್ತತಿ?" ಇದಕ್ಕೆ ಎರಡು ವಾಕ್ಯದಲ್ಲಿ ಉತ್ತರ ಹೇಳಲು ಬಂದರೆ ಮಾತ್ರ ಚಹಾ ಬರುತ್ತದೆ. "ಆರು ತಿಂಗಳಿಗೆ ನಿಮ್ಮ ಬೂದಿ ಯಾವ ದರ್ಜೆಯದು ಅಂತ ಗೊತ್ತಾಗುತ್ತೆ. ಎರಡು ವರ್ಷಕ್ಕೆ ಅದನ್ನು ಮಾರುವ ರೂಪಕ್ಕೆ ತರಬಹುದಾ ಇಲ್ಲವಾ ಅಂತ ಗೊತ್ತಾಗುತ್ತೆ." ಇಷ್ಟೇ ಹೇಳಿ. ಕೋಟಿ ಲಾಭದ ಮಾತು ಬೇಡ.

ಮಿಲ್ಲಿನವರಾದರೆ ಯಾರ ಹತ್ತಿರ ಹೋಗಬೇಕು? ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಶುರುವಾದದ್ದು, ತೋಳಹುಣಸೆ ಬಳಿಯ ಶಿವಗಂಗೋತ್ರಿಯಲ್ಲಿದೆ. ಅಲ್ಲಿ ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಆಹಾರ ತಂತ್ರಜ್ಞಾನ ವಿಭಾಗಗಳಿವೆ. ಬಾಪೂಜಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಬಯೋಟೆಕ್ನಾಲಜಿ, ಕೆಮಿಕಲ್ ಜೊತೆಗೆ ಟೆಕ್ಸ್‌ಟೈಲ್ ವಿಭಾಗವೂ ಉಂಟು. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯಲ್ಲಿ ಗಿರಣಿಗಳು ಹೋದರೂ ನಾರಿನ ವಿದ್ಯೆ ಉಳಿದಿದೆ. ಅಡಿಕೆ ನಾರು, ತೆಂಗಿನ ನಾರಿಗೆ ಅದು ಬಹಳ ಉಪಯೋಗ. ಚಿತ್ರದುರ್ಗ ಕಡೆಯವರಿಗೆ ಹಿರಿಯೂರು ಬಬ್ಬೂರು ಫಾರಂನ ಕೃಷಿ, ತೋಟಗಾರಿಕೆ ಸಂಶೋಧನಾ ಕೇಂದ್ರ ಹತ್ತಿರ. ಅದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ರೈತರನ್ನು ಜೊತೆಗೆ ಸೇರಿಸಿಕೊಳ್ಳಲು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ಕಡೆ ತುಮ್ಕೋಸ್‌ನಂಥ ಸಹಕಾರ ಸಂಘ. ಮಾಲು ಒಂದೇ ಕಡೆ ಸೇರುವ ಜಾಗ ಅಂದರೆ ಇಂಥವೇ.

ಮೊದಲ ಹೆಜ್ಜೆ ಸಣ್ಣದಿರಲಿ. ಮಿಲ್ಲಿನವರು ಕಾಲೇಜಿಗೆ ಒಂದು ಪತ್ರ ಕೊಟ್ಟು, ಪರೀಕ್ಷಾ ಶುಲ್ಕವನ್ನು ಕಾಲೇಜಿನ ಖಾತೆಗೆ ಕಟ್ಟಿ, ರಸೀದಿ ಪಡೆಯಲಿ. ಹತ್ತು ಸಾವಿರವೇ ಆಗಲಿ, ಇಪ್ಪತ್ತು ಸಾವಿರವೇ ಆಗಲಿ. ಸ್ನೇಹಕ್ಕೆ ಅಂತ ಬಿಟ್ಟಿ ಮಾಡಿಕೊಡುವ ಮೇಷ್ಟ್ರು ಒಳ್ಳೆಯವರೇ. ಆದರೆ ಮುಂದೆ ದೆಹಲಿಯಲ್ಲಿ ಕೂತವರಿಗೆ ನಿಮ್ಮ ಸ್ನೇಹ ಕಾಣುವುದಿಲ್ಲ, ರಸೀದಿ ಕಾಣುತ್ತದೆ. ಕೈಯಿಂದ ದುಡ್ಡು ಹಾಕಿದ ಮಿಲ್ಲಿನವರು ವರದಿ ಓದುತ್ತಾರೆ ಕೂಡ.

ಇದೇ ಹೊತ್ತಿಗೆ ಒಂದು ವಿಷಯ ಚೆಕ್ ಮಾಡಿ. ನಮ್ಮ ಕಡೆಯ ಬಹಳಷ್ಟು ಮಿಲ್ಲುಗಳು ಮಾಲೀಕರ ಹೆಸರಿನಲ್ಲೋ, ಅಣ್ಣತಮ್ಮಂದಿರ ಪಾಲುದಾರಿಕೆಯಲ್ಲೋ ಇರುತ್ತವೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬೈರಾಕ್‌ನಂಥ ಕೇಂದ್ರದ ಸಂಸ್ಥೆಗಳು ಉದ್ಯಮದವರ ಪೈಕಿ ಸಾಮಾನ್ಯವಾಗಿ ಕಂಪನಿಗೆ ಅಥವಾ ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ) ಮಾತ್ರ ದುಡ್ಡು ಕೊಡುತ್ತವೆ. ಅದರಲ್ಲೂ ಶೇ 51ಕ್ಕೆ ಕಡಿಮೆ ಇಲ್ಲದಷ್ಟು ಪಾಲು ಭಾರತೀಯರದಿರಬೇಕು. ಪೂರ್ತಿ ಮಿಲ್ಲನ್ನು ಕಂಪನಿ ಮಾಡಬೇಕಾಗಿಲ್ಲ. ಈ ಕೆಲಸಕ್ಕೆ ಅಂತ ಸಣ್ಣದೊಂದು ಹೊಸ ಕಂಪನಿ ಮಾಡಿಕೊಳ್ಳಬಹುದು. ಆಡಿಟರ್ ಹತ್ತಿರ ಇವತ್ತೇ ಕೇಳಿ, ಅರ್ಜಿ ಹಾಕುವ ವಾರ ಬೇಡ.

ಒಪ್ಪಂದ: ಬಹಳ ಜೋಡಿಗಳು ಒಡೆಯುವ ಜಾಗ

ಶಾಲು ಹೊದಿಸಿ, ಫೈಲ್ ಬದಲಾಯಿಸಿಕೊಂಡು, ಮರುದಿನ ಪೇಪರ್‌ನಲ್ಲಿ ಫೋಟೊ ಬಂದ ಒಡಂಬಡಿಕೆಗಳು ಎಷ್ಟೋ ಬೀರುಗಳಲ್ಲಿ ಕೂತಿವೆ. ಅವುಗಳಲ್ಲಿ ಯಾರು, ಯಾವಾಗ, ಏನು ಮಾಡಬೇಕು ಅಂತಲೇ ಇರುವುದಿಲ್ಲ. ನಿಮಗೆ ಬೇಕಾದದ್ದು ನಾಲ್ಕೈದು ಪುಟದ ಕೆಲಸದ ಒಪ್ಪಂದ. ಬಾಂಡ್ ಪೇಪರ್ ಮೇಲೆ, ಕಾಲೇಜಿನ ಪರವಾಗಿ ರಿಜಿಸ್ಟ್ರಾರ್ ಅಥವಾ ಪ್ರಾಂಶುಪಾಲರ ಸಹಿಯೊಂದಿಗೆ ಆಗಬೇಕು. ಮೇಷ್ಟ್ರ ಸಹಿಯೊಂದೇ ಸಾಲದು. ಅವರು ಬೇರೆ ಕಡೆ ಹೋದರೆ ಒಪ್ಪಂದವೂ ಅವರ ಹಿಂದೆ ಹೋಗುತ್ತದೆ.

ಹಕ್ಕು ಯಾರದು ಅನ್ನುವುದೇ ದೊಡ್ಡ ಜಗಳ. ಮೊದಲೇ ಇದ್ದ ಜ್ಞಾನ ಅವರವರದೇ ಎಂದು ಒಂದು ಸಾಲು ಬರೆಯಿರಿ. ಹೊಸದಾಗಿ ಹುಟ್ಟಿದ್ದು ಯಾರದು? ಇದಕ್ಕೆ ಬೈರಾಕ್‌ನ ಕಾಂಟ್ರ್ಯಾಕ್ಟ್ ರಿಸರ್ಚ್ ಯೋಜನೆಯಲ್ಲಿ ಒಂದು ಮಾದರಿ ಇದೆ. ಹೊಸ ಹಕ್ಕು ಕಾಲೇಜಿನ ಹತ್ತಿರ ಉಳಿಯುತ್ತದೆ, ಆದರೆ ಅದನ್ನು ವ್ಯಾಪಾರಕ್ಕೆ ಬಳಸಲು ಮೊದಲು ಕೇಳಬೇಕಾದದ್ದು ಜೊತೆಗಿದ್ದ ಉದ್ಯಮವನ್ನು. ಅವರು ಬೇಡ ಅಂದರೆ ಮಾತ್ರ ಬೇರೆಯವರಿಗೆ. ನನಗೆ ಇದು ನ್ಯಾಯವಾದ ಹಂಚಿಕೆ ಅನಿಸುತ್ತದೆ. ಮಿಲ್ಲಿನವರಿಗೆ ಪೇಟೆಂಟ್ ಕಾಗದ ಗೋಡೆಗೆ ನೇತು ಹಾಕಲು ಬೇಕಾಗಿಲ್ಲ, ಪಕ್ಕದ ಮಿಲ್ಲಿನವರು ತಮಗಿಂತ ಮೊದಲು ಶುರು ಮಾಡಬಾರದು ಅಷ್ಟೇ. ಬೇಡ ಅನ್ನಲು ಎಷ್ಟು ತಿಂಗಳ ಗಡುವು ಅಂತ ಮಾತ್ರ ಮರೆಯದೆ ಬರೆಯಿರಿ. ಇಲ್ಲದಿದ್ದರೆ ಅವರು ಹೂಂ ಅನ್ನದೆ, ಉಹೂಂ ಅನ್ನದೆ ವರ್ಷ ಕಳೆಯುತ್ತಾರೆ.

ಎರಡನೇ ಜಗಳ ಪ್ರಕಟಣೆಯದು. ಮೇಷ್ಟ್ರಿಗೆ ಪೇಪರ್ ಬೇಕು, ಪಿಎಚ್‌ಡಿ ಹುಡುಗಿಗೆ ಪ್ರಬಂಧ ಬೇಕು. ಮಿಲ್ಲಿನವರಿಗೆ ಗುಟ್ಟು ಬೇಕು. ಪ್ರಕಟಿಸುವ 60 ದಿನ ಮೊದಲು ಕಂಪನಿಗೆ ತೋರಿಸಬೇಕು, ಅಷ್ಟರೊಳಗೆ ಪೇಟೆಂಟ್ ಅರ್ಜಿ ಹಾಕುವುದಿದ್ದರೆ ಹಾಕಬೇಕು, ಪ್ರಕಟಣೆಯನ್ನೇ ತಡೆಯುವ ಹಾಗಿಲ್ಲ ಎಂದು ಬರೆದರೆ ಇಬ್ಬರಿಗೂ ನಡೆಯುತ್ತದೆ. ನೆನಪಿಡಿ, ಮೊದಲು ಪೇಟೆಂಟ್ ಅರ್ಜಿ, ಆಮೇಲೆ ಪೇಪರ್. ಸೆಮಿನಾರ್‌ನಲ್ಲಿ ಪೋಸ್ಟರ್ ಹಾಕಿದರೂ ಅದು ಬಹಿರಂಗವಾದ ಹಾಗೇ. ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕದಲ್ಲಿ ಶೇ 80 ರಿಯಾಯಿತಿ ಇರುವುದರಿಂದ ದುಡ್ಡಿನ ನೆಪ ಹೇಳುವ ಹಾಗಿಲ್ಲ.

ಜೀವವೈವಿಧ್ಯ ಕಾಯ್ದೆಯನ್ನು ಬಹಳ ಜನ ಕೊನೆಗೆ ನೋಡಿ ಕಂಗಾಲಾಗುತ್ತಾರೆ. 2002ರ ಕಾಯ್ದೆ, 2023ರಲ್ಲಿ ತಿದ್ದುಪಡಿ ಆಯಿತು. ಇಲ್ಲಿನ ಗಿಡ, ಸೂಕ್ಷ್ಮಜೀವಿ ಬಳಸಿ ಪೇಟೆಂಟ್ ಪಡೆಯುವುದಾದರೆ, ಅದು ಮಂಜೂರಾಗುವ ಮುಂಚೆ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ವಿದೇಶಿ ಹಿಡಿತದ ಕಂಪನಿ ಜೊತೆಗಿದ್ದರೆ ನಿಯಮ ಇನ್ನೂ ಬಿಗಿ, ಪೂರ್ವಾನುಮತಿಯೇ ಬೇಕು. ಸಿಪ್ಪೆ ಕೊಳೆಸುವ ಹೊಸ ಶಿಲೀಂಧ್ರವನ್ನು ಸೂಳೆಕೆರೆ ದಂಡೆಯ ಮಣ್ಣಿನಿಂದ ಬೇರ್ಪಡಿಸಿದ್ದೀರಿ ಅಂದುಕೊಳ್ಳಿ. ಎಲ್ಲಿಂದ, ಯಾವತ್ತು ತಂದದ್ದು ಅಂತ ಮೊದಲ ದಿನದಿಂದಲೇ ಬರೆದಿಡಿ.

ಉಳಿದದ್ದು ಬೇಗ ಮುಗಿಯುತ್ತದೆ. ಯೋಜನೆಯ ಅವಧಿಗೆ ಕಚ್ಚಾ ಮಾಲಿನ ದರ ಎಷ್ಟು, ಮಿಲ್ಲಿನಲ್ಲಿ ಇಡುವ ಯಂತ್ರದ ಜವಾಬ್ದಾರಿ ಯಾರದು, ಯಾರಾದರೂ ನಡುವೆ ಬಿಟ್ಟು ಹೋದರೆ ಏನು, ವ್ಯಾಜ್ಯವಾದರೆ ಯಾವ ಊರಿನ ಕೋರ್ಟು.

ಯಾರ ಬಾಗಿಲು ತಟ್ಟಬೇಕು

ನಿಮ್ಮ ಕೆಲಸ ಯಾವ ಹಂತದಲ್ಲಿದೆ ಎಂಬುದರ ಮೇಲೆ ಬಾಗಿಲು ಬೇರೆ. ಟಿಆರ್‌ಎಲ್ ಎಂಬ 1ರಿಂದ 9ರವರೆಗಿನ ಅಳತೆ ಎಲ್ಲ ಅರ್ಜಿಯಲ್ಲೂ ಕೇಳುತ್ತಾರೆ. 1 ಅಂದರೆ ಬರೀ ಕಲ್ಪನೆ, 3-4 ಅಂದರೆ ಲ್ಯಾಬಿನಲ್ಲಿ ಕೆಲಸ ಮಾಡಿದೆ, 6-7 ಅಂದರೆ ಮಿಲ್ಲಿನ ಅಂಗಳದಲ್ಲಿ ಓಡಿದೆ, 9 ಅಂದರೆ ಮಾರಾಟದಲ್ಲಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮೇಲೆ ಏರಿಸಿ ಹೇಳಿದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಕೆಳಗೆ ಬೀಳುತ್ತೀರಿ.

ತೀರಾ ಶುರುವಿನಲ್ಲಿದ್ದರೆ ದೊಡ್ಡ ಅನುದಾನ ಬೇಡವೇ ಬೇಡ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ದಶಕಗಳಿಂದ ನೆರವು ಕೊಡುತ್ತಿದೆ. ಮೊತ್ತ ಕೆಲವು ಸಾವಿರ ಮಾತ್ರ. ಆದರೆ ನಾಲ್ಕು ಹುಡುಗರು ಒಂದು ವರ್ಷ ನಿಮ್ಮ ಸಿಪ್ಪೆಯ ಹಿಂದೆ ಬೀಳುತ್ತಾರೆ, ಅದಕ್ಕೆ ಬೆಲೆ ಕಟ್ಟಲಾಗದು. ಕಾಲೇಜಿಗೆ ಉಪಕರಣ ಬೇಕಿದ್ದರೆ ರಾಜ್ಯದ ವಿಜ್ಞಾನ, ತಂತ್ರಜ್ಞಾನ ವಿಷನ್ ಗ್ರೂಪ್‌ನ ಯೋಜನೆಗಳನ್ನು ನೋಡಿ.

ಲ್ಯಾಬಿನಲ್ಲಿ ಸ್ವಲ್ಪ ಫಲ ಕಂಡ ಮೇಲೆ ಬೈರಾಕ್. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಕಟ್ಟಿದ ಸಂಸ್ಥೆ ಇದು. ನಮ್ಮ ವಿಷಯಕ್ಕೆ ನೇರ ಹೊಂದುವುದು ಇದರ ಪೇಸ್ ಯೋಜನೆ. ಅದರಲ್ಲಿ ಎರಡು ಕವಲು. ಒಂದು, ಕಾಲೇಜಿನವರು ಒಂಟಿಯಾಗಿಯೋ ಉದ್ಯಮದ ಜೊತೆಗೋ ಹೊಸ ವಿಧಾನವನ್ನು ಸಾಧ್ಯ ಎಂದು ತೋರಿಸಲು. ಇನ್ನೊಂದು, ಕಾಲೇಜಿನಲ್ಲಿ ಆದದ್ದನ್ನು ಕಂಪನಿಯ ಜಾಗದಲ್ಲಿ ಓಡಿಸಿ ನೋಡಲು. ಮೇಲೆ ಹೇಳಿದ ಹಕ್ಕಿನ ಮಾದರಿ ಈ ಎರಡನೆಯದರದ್ದು. ಹೊಸ ಹುಡುಗರು ಸ್ಟಾರ್ಟ್‌ಅಪ್ ಮಾಡುವುದಾದರೆ ಬಿಗ್ ಎಂಬ ಅನುದಾನ ಇದೆ, 18 ತಿಂಗಳಿಗೆ 50 ಲಕ್ಷದವರೆಗೆ. ಕಂಪನಿಯಲ್ಲೇ ಸಂಶೋಧನೆ ನಡೆಯುವುದಾದರೆ 2005ರಿಂದ ಇರುವ ಎಸ್‌ಬಿಐಆರ್‌ಐ ಯೋಜನೆ ಸಣ್ಣ ಉದ್ಯಮಗಳಿಗೇ ಮಾಡಿದ್ದು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಜೈವಿಕ ತಯಾರಿಕೆಗೆ ಉತ್ತೇಜನ ಕೊಡುವ ಬಯೋಇ3 ನೀತಿಗೆ ಒಪ್ಪಿಗೆ ಕೊಟ್ಟಿತು. ಮರುತಿಂಗಳು ಜೈವಿಕ ತಂತ್ರಜ್ಞಾನ ಇಲಾಖೆಯ ಬಯೋ-ರೈಡ್ ಯೋಜನೆಗೆ 9,197 ಕೋಟಿ ಎಂದು ಹೇಳಿತು. ನೀತಿಯಲ್ಲಿ ಆರು ವಿಷಯ ಗುರುತಿಸಿದ್ದಾರೆ. ಜೈವಿಕ ಮೂಲದ ರಾಸಾಯನಿಕ, ಜೈವಿಕ ಪ್ಲಾಸ್ಟಿಕ್, ಕಿಣ್ವಗಳು ಒಂದು ಗುಂಪು. ಹವಾಮಾನ ತಾಳುವ ಕೃಷಿ ಇನ್ನೊಂದು. ಇಂಗಾಲ ಹಿಡಿದು ಬಳಸುವುದು ಮತ್ತೊಂದು. ಸಿಪ್ಪೆ, ಬೂದಿ, ಬೆಂಡಿನ ಕೆಲಸ ಇವುಗಳಲ್ಲಿ ಯಾವುದಾದರೊಂದರ ಒಳಗೆ ಬರುತ್ತದೆ. ಅರ್ಜಿಯಲ್ಲಿ ಆ ಗುಂಪಿನ ಹೆಸರನ್ನು ಅವರು ಬರೆದ ಹಾಗೇ ಬರೆಯಿರಿ.

ಎಎನ್‌ಆರ್‌ಎಫ್ ಹೆಸರು ಕೇಳಿರಬಹುದು, 2023ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. ಐದು ವರ್ಷಕ್ಕೆ 50,000 ಕೋಟಿ ಎಂದು ಘೋಷಣೆ ಆಯಿತು. ಆದರೆ ಅದರಲ್ಲಿ 36,000 ಕೋಟಿ ಉದ್ಯಮ, ದಾನಿ ಮುಂತಾದ ಹೊರಗಿನ ಮೂಲಗಳಿಂದ ಬರಬೇಕು ಅಂತ ಲೆಕ್ಕ. ಅಂದರೆ ಸರ್ಕಾರವೇ ಹೇಳುತ್ತಿದೆ, ಕಂಪನಿಯನ್ನು ಕರೆದುಕೊಂಡು ಬನ್ನಿ ಅಂತ. ಇದರ ಪೇರ್ ಕಾರ್ಯಕ್ರಮದಲ್ಲಿ ದೊಡ್ಡ ಸಂಸ್ಥೆಯೊಂದು ಕೇಂದ್ರವಾಗಿ, ರಾಜ್ಯ ವಿಶ್ವವಿದ್ಯಾಲಯಗಳು ಅದರ ಸುತ್ತ ಸೇರುತ್ತವೆ. ನಮ್ಮಂಥ ಊರಿನ ವಿಶ್ವವಿದ್ಯಾಲಯಗಳಿಗೆ ಒಂಟಿಯಾಗಿ ಹೋಗುವುದಕ್ಕಿಂತ ಇದು ಸಲೀಸು. ಪಿಎಚ್‌ಡಿ ಮಾಡುವವರಿಗೆ ಪ್ರಧಾನಮಂತ್ರಿ ಫೆಲೋಶಿಪ್ ಇದೆ, ಅದರಲ್ಲಿ ಅರ್ಧ ಸರ್ಕಾರ, ಅರ್ಧ ಕಂಪನಿ. ಮಿಲ್ಲಿನವರಿಗೆ ಅರ್ಧ ಸಂಬಳಕ್ಕೆ ಓದಿದ ಒಬ್ಬ ಸಂಶೋಧಕ ಸಿಕ್ಕಂತೆ, ಅಲ್ವಾ?

ದೊಡ್ಡ ಪ್ರಮಾಣಕ್ಕೆ ಹೋದರೆ ಅನುದಾನ ಮುಗಿದು ಸಾಲ ಶುರುವಾಗುತ್ತದೆ. ತಂತ್ರಜ್ಞಾನ ಅಭಿವೃದ್ಧಿ ಮಂಡಳಿ 1996ರಿಂದ ಇದೆ. ದೇಶೀ ತಂತ್ರಜ್ಞಾನವನ್ನು ಮಾರುಕಟ್ಟೆಗೆ ತರುವ ಕಂಪನಿಗೆ ಯೋಜನಾ ವೆಚ್ಚದ ಅರ್ಧದವರೆಗೆ ಶೇ 5ರ ಸರಳ ಬಡ್ಡಿಯಲ್ಲಿ ಸಾಲ ಕೊಡುತ್ತದೆ. 2025ರ ಜುಲೈನಲ್ಲಿ ಒಪ್ಪಿಗೆ ಸಿಕ್ಕ 1 ಲಕ್ಷ ಕೋಟಿಯ ಆರ್‌ಡಿಐ ನಿಧಿಯೂ ಟಿಆರ್‌ಎಲ್ 4 ಅಥವಾ ಅದಕ್ಕಿಂತ ಮೇಲಿರುವವರಿಗೇ, ಅದೂ ಬಹುಪಾಲು ಕಡಿಮೆ ಬಡ್ಡಿಯ ಸಾಲವೇ. ಬೆಂಡು, ಹುಲ್ಲಿನಿಂದ ಎಥನಾಲ್ ತೆಗೆಯುವವರಿಗೆ 2019ರ ಜೀವನ್ ಯೋಜನೆ ಇದೆ. ಪ್ರಾತ್ಯಕ್ಷಿಕೆ ಘಟಕಕ್ಕೆ 15 ಕೋಟಿ, ವಾಣಿಜ್ಯ ಘಟಕಕ್ಕೆ 150 ಕೋಟಿ ಮಿತಿ. ಎಂಆರ್‌ಪಿಎಲ್ ಹರಿಹರದ ಹನಗವಾಡಿಯಲ್ಲಿ ಇಂಥದೇ ಎರಡನೇ ತಲೆಮಾರಿನ ಎಥನಾಲ್ ಘಟಕದ ಯೋಜನೆ ಹಾಕಿಕೊಂಡಿತ್ತು. ಇದು ತೈಲ ಕಂಪನಿಗಳ ಆಟ, ಅಕ್ಕಿ ಗಿರಣಿಯವರದ್ದಲ್ಲ. ಆದರೆ ಅಂಥ ಘಟಕಕ್ಕೆ ಹುಲ್ಲು, ಬೆಂಡು ಸೇರಿಸುವ, ಒಣಗಿಸುವ, ಕಟ್ಟುವ ಕೆಲಸದಲ್ಲಿ ಸಂಶೋಧನೆಗೆ ಬೇಕಾದಷ್ಟು ಜಾಗ ಇದೆ.

ಸಿಎಸ್‌ಆರ್ ದುಡ್ಡಿನ ಬಗ್ಗೆ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆ ಅಂತ ಖರ್ಚು ಮಾಡುವ ದುಡ್ಡಿನ ಬಗ್ಗೆ, ಒಂದಿಷ್ಟು ಗೊಂದಲ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ನಿವ್ವಳ ಲಾಭ 5 ಕೋಟಿ ಮುಟ್ಟಿದರೂ ಈ ಲೆಕ್ಕಕ್ಕೆ ಬರುತ್ತಾರೆ. ಸರ್ಕಾರಿ ಅನುದಾನದ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಇದನ್ನು ಕೊಡಬಹುದು, ಹಾಗಾಗಿ ಶಿವಗಂಗೋತ್ರಿಗೆ ಬಾಗಿಲು ತೆರೆದಿದೆ. ಖಾಸಗಿ ಕಾಲೇಜಾದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಯೋಜನೆಗೆ ಕೊಡಬಹುದು. ಆದರೆ ಕಂಪನಿ ತನ್ನದೇ ವ್ಯಾಪಾರಕ್ಕೆ ಲಾಭವಾಗುವ ಕೆಲಸವನ್ನು ಸಿಎಸ್‌ಆರ್ ಅಂತ ತೋರಿಸುವ ಹಾಗಿಲ್ಲ. ಜೋಡಿಯಲ್ಲಿರುವ ಮಿಲ್ಲಿನ ಪಾಲು ಬೇರೆ, ಸಿಎಸ್‌ಆರ್ ಕೊಡುವ ಕಂಪನಿ ಬೇರೆ ಇರಲಿ.

ಬಜೆಟ್

ಒಬ್ಬ ಜೆಆರ್‌ಎಫ್‌ಗೆ (ಕಿರಿಯ ಸಂಶೋಧಕ) ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಎರಡು ವರ್ಷಕ್ಕೆ ಬಾಡಿಗೆ ಬಿಟ್ಟು 8,88,000. ಸಂಬಳ ಕಡಿಮೆ ತೋರಿಸಿ ಬಜೆಟ್ ಇಳಿಸಲು ಹೋಗಬೇಡಿ, ನಡುವೆ ಹುಡುಗ ಬಿಟ್ಟು ಹೋಗುತ್ತಾನೆ. ಯಂತ್ರದ ಪಟ್ಟಿ ಉದ್ದವಾದಷ್ಟೂ ಪರಿಶೀಲಕರಿಗೆ ಅನುಮಾನ. ಬೇರೆ ಕಾಲೇಜಿನಲ್ಲಿ ಇರುವ ಯಂತ್ರವನ್ನು ಶುಲ್ಕ ಕೊಟ್ಟು ಬಳಸುತ್ತೇವೆ ಎಂದು ಬರೆದರೆ ಒಳ್ಳೆಯದು.

ಮರೆಯುವ ಖರ್ಚುಗಳು ಎರಡು. ಒಂದು, ಸಂಗ್ರಹ. ಅಡಿಕೆ ಸಿಪ್ಪೆ ವರ್ಷವಿಡೀ ಬರುವುದಿಲ್ಲ. ಆರು ತಿಂಗಳಿನ ಮಾಲು ಒಣಗಿಸಿ ಇಡಲು ಶೆಡ್, ತಾಡಪತ್ರಿ, ಕೂಲಿ ಬೇಕು. ಎರಡು, ಸುರಕ್ಷತಾ ಪರೀಕ್ಷೆ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಡಿಕೆ ಹಾಳೆ ತಟ್ಟೆಗಳಿಗೆ ತಡೆ ಹಾಕಿತು. ಅಡಿಕೆಯ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದು ಎಂಬ ಕಾರಣಕ್ಕೆ. ಎಷ್ಟೋ ವರ್ಷದಿಂದ ನಡೆದುಕೊಂಡು ಬಂದ ರಫ್ತಿಗೇ ಹೀಗಾದರೆ, ಸಿಪ್ಪೆಯಿಂದ ಲೋಟ, ಡಬ್ಬಿ ಮಾಡಹೊರಟವರು ಆ ಪರೀಕ್ಷೆಯನ್ನು ಮೊದಲ ವರ್ಷದಲ್ಲೇ ಮಾಡಿಸಬೇಕು. ಪ್ಯಾಕಿಂಗ್‌ನಲ್ಲಿ ತುಂಬುವ ವಸ್ತು, ಹಲಗೆ, ಅಣಬೆ ಬೇಸಾಯದ ತಳಹದಿ, ಇಂಥ ಕೆಲಸಕ್ಕೆ ಈ ತಕರಾರು ಕಡಿಮೆ. ಮಿಲ್ಲಿನ ಅಂಗಳದಲ್ಲಿ ಪ್ರಾಯೋಗಿಕ ಘಟಕ ಹಾಕುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಗೂ ಸಮಯ, ಶುಲ್ಕ ತೆಗೆದಿಡಿ.

ಕಂಪನಿಯ ಪಾಲನ್ನು ನಗದು, ವಸ್ತು ಎಂದು ಬೇರೆ ಬೇರೆ ತೋರಿಸಿ. ಸಿಪ್ಪೆ, ಕರೆಂಟು, ಜಾಗ, ಫಿಟ್ಟರ್‌ನ ದಿನಗೂಲಿ ಎಲ್ಲಕ್ಕೂ ಲೆಕ್ಕವಿದೆ. ಆದರೆ ಸ್ವಲ್ಪವಾದರೂ ನಗದು ಇಲ್ಲದ ಜೋಡಿಯನ್ನು ನಾನಾದರೂ ನಂಬುವುದಿಲ್ಲ. ತೆರಿಗೆಯ ವಿಚಾರಕ್ಕೆ ಬಂದರೆ, ಕಂಪನಿಯ ಒಳಗಿನ ಸಂಶೋಧನೆಗೆ ಶೇ 150 ಕಡಿತ ಸಿಗುತ್ತಿದ್ದದ್ದು 2020ರ ಮಾರ್ಚ್‌ಗೆ ಮುಗಿಯಿತು. ಹಳೇ ನೆನಪಿನ ಮೇಲೆ ಲೆಕ್ಕ ಹಾಕಬೇಡಿ. ಜಿಎಸ್‌ಟಿಯಲ್ಲಿ ಒಂದು ಒಳ್ಳೆಯದಾಗಿದೆ. 2024ರ 54ನೇ ಮಂಡಳಿ ಸಭೆಯ ನಂತರ, 1961ರ ಆದಾಯ ತೆರಿಗೆ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಅಧಿಸೂಚಿತವಾದ ಕಾಲೇಜು, ವಿಶ್ವವಿದ್ಯಾಲಯಗಳು ಸರ್ಕಾರಿ ಅಥವಾ ಖಾಸಗಿ ಅನುದಾನದಲ್ಲಿ ಮಾಡುವ ಸಂಶೋಧನೆಗೆ ವಿನಾಯಿತಿ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಹಣಕಾಸು ಅಧಿಕಾರಿಯನ್ನು ಕೇಳಿ.

ಅರ್ಜಿ ಬರೆಯುವಾಗ

ಇಷ್ಟಾದ ಮೇಲೆ ಅರ್ಜಿ ಅರ್ಧ ಬರೆದ ಹಾಗೇ. ಮೊದಲ ಪುಟದಲ್ಲಿ ಮೂರು ವಿಷಯ ಇರಲಿ: ಯಾವ ಮಾಲು, ಈಗ ಅದಕ್ಕೆ ಏನಾಗುತ್ತಿದೆ, ನೀವು ಮಾಡುವುದನ್ನು ಯಾರು ಕೊಳ್ಳುತ್ತಾರೆ. ಕೊಳ್ಳುವವರ ಪತ್ರವೊಂದನ್ನು ಲಗತ್ತಿಸಿದರೆ ಇನ್ನೂ ಗಟ್ಟಿ. ನಂತರ ಆರಾರು ತಿಂಗಳಿನ ಗುರಿಗಳು. "ವಿಧಾನವನ್ನು ಅಭಿವೃದ್ಧಿಪಡಿಸಲಾಗುವುದು" ಅನ್ನುವಂಥ ಗುರಿ ಯಾರಿಗೂ ಬೇಡ. "12ನೇ ತಿಂಗಳಿಗೆ, ಗಿರಣಿಯ ಬೂದಿಯಿಂದ ಒಂದು ಸಲಕ್ಕೆ 5 ಕಿಲೋ ಸಿಲಿಕಾ, ಶುದ್ಧತೆ ಇಷ್ಟು" ಅನ್ನುವಂಥದ್ದು ಬೇಕು. ಗುರಿ ಮುಟ್ಟದಿದ್ದರೆ ಎಲ್ಲಿ ನಿಲ್ಲಿಸುತ್ತೀರಿ ಎಂದೂ ಬರೆಯಿರಿ. ಇದರಿಂದ ಅಂಕ ಹೋಗುವುದಿಲ್ಲ.

ಸಂದರ್ಶನಕ್ಕೆ ಇಬ್ಬರೂ ಹೋಗಿ. ಮಿಲ್ಲಿನವರಿಗೆ ಇಂಗ್ಲಿಷ್ ಮಾತಾಡಲು ಹಿಂಜರಿಕೆ ಇದ್ದರೂ ಪರವಾಗಿಲ್ಲ, ಟನ್ನಿನ ಲೆಕ್ಕ ಅವರ ಬಾಯಿಂದಲೇ ಬರಲಿ. ಮೇಷ್ಟ್ರು ಮಾರುಕಟ್ಟೆ ಬಗ್ಗೆ ಮಾತಾಡಿ, ಸಾಹುಕಾರರು ಸುಮ್ನೆ ಕೂತಿದ್ದರೆ ಸಮಿತಿಗೆ ಕತೆ ಅರ್ಥವಾಗಿಬಿಡುತ್ತದೆ. ಮೊದಲ ಸಲ ತಿರಸ್ಕಾರವಾದರೆ ಟಿಪ್ಪಣಿ ಕೇಳಿ ಪಡೆದು, ಅದಕ್ಕೆ ಒಂದೊಂದಾಗಿ ಉತ್ತರ ಬರೆದು ಮುಂದಿನ ಕರೆಗೆ ಮತ್ತೆ ಹಾಕಿ.

ದುಡ್ಡು ಬಂದ ಮೇಲೆ

ಅನುದಾನಕ್ಕೆ ಬೇರೆ ಖಾತೆ ಇರಲಿ. ಆ ಖಾತೆಯಲ್ಲಿ ಬಂದ ಬಡ್ಡಿ ನಿಮ್ಮದಲ್ಲ, ಕೇಂದ್ರ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ವರ್ಷ ಮುಗಿದ ತಕ್ಷಣ ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಅದು ತಡವಾದರೆ ಮುಂದಿನ ಕಂತು ನಿಲ್ಲುತ್ತದೆ, ಕಂತು ನಿಂತರೆ ಹುಡುಗರ ಸಂಬಳ ನಿಲ್ಲುತ್ತದೆ. ರಾಜ್ಯ ವಿಶ್ವವಿದ್ಯಾಲಯದಲ್ಲಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯ ಟೆಂಡರ್ ನಿಯಮಗಳೂ ಇವೆ. ಹಾಗಾಗಿ ಯಂತ್ರದ ಕಡತವನ್ನು ಮಂಜೂರಾತಿ ಪತ್ರ ಬಂದ ವಾರವೇ ಮೇಲಕ್ಕೆ ಕಳಿಸಿ. ಅಡಿಕೆ ಸುಗ್ಗಿ ಶುರುವಾದ ಮೇಲೆ ಟೆಂಡರ್ ಕರೆದರೆ, ಯಂತ್ರ ಬರುವ ಹೊತ್ತಿಗೆ ಸಿಪ್ಪೆ ಇರುವುದಿಲ್ಲ, ಒಂದು ವರ್ಷ ಹೋದ ಹಾಗೇ.

ಮೂರು ತಿಂಗಳಿಗೊಮ್ಮೆ ಮಿಲ್ಲಿನಲ್ಲೇ ಸಭೆ ಮಾಡಿ. ಒಂದು ಪುಟದ ನಡಾವಳಿ ಬರೆದು ಇಬ್ಬರೂ ಸಹಿ ಹಾಕಿ. ಲ್ಯಾಬ್ ನೋಟ್‌ಬುಕ್ಕಿನಲ್ಲಿ ತಾರೀಖು, ಸಹಿ ತಪ್ಪಬಾರದು, ನಾಳೆ ಪೇಟೆಂಟ್ ವ್ಯಾಜ್ಯಕ್ಕೆ ಅದೇ ಸಾಕ್ಷಿ.

ಕೊನೆಯದಾಗಿ ಯಂತ್ರದ ವಿಚಾರ. ಅನುದಾನದಲ್ಲಿ ಕೊಂಡ ಯಂತ್ರವನ್ನು ಕೊಟ್ಟವರ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ, ಬೇರೆ ಕೆಲಸಕ್ಕೆ ಹಚ್ಚುವ ಹಾಗೂ ಇಲ್ಲ. ಯೋಜನೆ ಮುಗಿದ ಮೇಲೂ ಅದು ಮಿಲ್ಲಿನ ಅಂಗಳದಲ್ಲೇ ಓಡಬೇಕು ಅಂತಿದ್ದರೆ, ಅವಧಿ ಮುಗಿಯುವ ಆರು ತಿಂಗಳು ಮೊದಲೇ ಇಬ್ಬರೂ ಸೇರಿ ಅನುದಾನ ಕೊಟ್ಟ ಸಂಸ್ಥೆಗೆ ಪತ್ರ ಬರೆಯಿರಿ. ಉತ್ತರ ಬರುವವರೆಗೆ ಆಸ್ತಿ ರಿಜಿಸ್ಟರ್‌ನಲ್ಲಿ ಅದು ಕಾಲೇಜಿನ ಹೆಸರಿನಲ್ಲೇ ಇರಲಿ.